ಬಿಡ್ತು ಅನ್ನು ಎಂದರೆ ಬಿಟ್ಟುಹೋಗುತ್ತದೆಯೇ?

ನಮ್ಮ ಮನೆಯಲ್ಲಿ ಯಾರಾದರೂ ‘ನಾನು ಹೋದ ಮೇಲೆ...’ ಎಂದು ಮಾತು ತೆಗೆದರೆ ಸಾಕು, ಅಮ್ಮ ಒಲೆಯ ಮುಂದಿನಿಂದಲೇ ‘ಬಿಡ್ತು ಅನ್ನು’ ಎಂದು ಗದರುತ್ತಾಳೆ. ಭಾನುವಾರ ತಪ್ಪದೆ ಚರ್ಚಿಗೆ ಹೋಗುವವಳು, ಬೈಬಲಿನ ಎಷ್ಟೋ ಕೀರ್ತನೆಗಳು ಅವಳಿಗೆ ಬಾಯಿಪಾಠ. ಆದರೂ ಸಾವಿನ ಮಾತು ಬಂದಾಗ ಅವಳ ನಾಲಿಗೆಗೆ ಬರುವುದು ಸತ್ಯವೇದದ ವಾಕ್ಯವಲ್ಲ, ಬೀದಿಯ ಎಲ್ಲ ಅಮ್ಮಂದಿರೂ ಹೇಳುವ ಈ ಎರಡು ಪದ. ಕೆಟ್ಟ ಮಾತು ಆಡಿದ ಬಾಯಿಂದಲೇ ಅದನ್ನು ಉದುರಿಸಿಬಿಡುವ ಉಪಾಯ.

ಬ್ಯಾಂಕಿನವರಿಗೆ ಮಾತ್ರ ಈ ಅಂಜಿಕೆಯಿಲ್ಲ. ಉಳಿತಾಯ ಖಾತೆ ತೆರೆಯಲು ಹೋದ ಹದಿನೆಂಟರ ಹುಡುಗನ ಮುಂದೆಯೂ ‘ನಾಮಿನಿ’ ಎಂಬ ಖಾನೆ ಇಡುತ್ತಾರೆ. ನೀನು ಸತ್ತರೆ ದುಡ್ಡು ಯಾರಿಗೆ ಎಂಬ ಪ್ರಶ್ನೆಯನ್ನು ಇಷ್ಟು ನಯವಾಗಿ ಕೇಳುವವರು ಬೇರೆ ಇಲ್ಲ. ನಾವೂ ಬಿಡ್ತು ಗಿಡ್ತು ಅನ್ನದೆ ಒಂದು ಹೆಸರು ಬರೆದು, ಸಹಿ ಹಾಕಿ, ಕಾಫಿ ಕುಡಿಯಲು ಹೋಗುತ್ತೇವೆ.

ಕ್ರೈಸ್ತ ಪರಂಪರೆ ಈ ಎರಡರ ನಡುವೆ ಮೂರನೆಯದೊಂದು ದಾರಿ ಹಿಡಿದಿದೆ. ಸಾವಿನ ಮಾತನ್ನು ಬಾಯಿಂದ ಉದುರಿಸುವುದೂ ಅಲ್ಲ, ಅರ್ಜಿಯ ಖಾನೆಯಲ್ಲಿ ತುಂಬಿ ಮರೆಯುವುದೂ ಅಲ್ಲ. ದಿನಾ ಅದನ್ನು ನೆನೆದು, ಆ ನೆನಪಿನಿಂದ ಇವತ್ತಿನ ದಿನವನ್ನು ನಡೆಸುವುದು. ಲ್ಯಾಟಿನ್‌ನಲ್ಲಿ ಇದಕ್ಕೆ ‘ಮೆಮೆಂಟೊ ಮೋರಿ’ ಎನ್ನುತ್ತಾರೆ, ಸಾಯಲಿಕ್ಕಿದೆ ಎಂಬುದು ನೆನಪಿರಲಿ ಎಂದು ಅರ್ಥ. (ಮೋರಿ ಎಂದರೆ ನಮ್ಮೂರಿನಲ್ಲಿ ಬೇರೆಯೇ, ಮಳೆಗಾಲದ ಬೆಂಗಳೂರಿನಲ್ಲಿ ಅದನ್ನು ನೆನಪಿಟ್ಟುಕೊಳ್ಳುವುದೂ ಪ್ರಾಣಕ್ಕೆ ಒಳ್ಳೆಯದೇ.) ಆರನೇ ಶತಮಾನದಲ್ಲಿ ಸಂತ ಬೆನೆಡಿಕ್ಟ್ ತನ್ನ ಮಠದ ಸನ್ಯಾಸಿಗಳಿಗೆ ಕೊಟ್ಟ ನಿಯಮಗಳಲ್ಲಿ, ಸಾವನ್ನು ದಿನವೂ ಕಣ್ಣೆದುರು ಇಟ್ಟುಕೊಳ್ಳಬೇಕು ಎಂಬುದೂ ಒಂದು.

ಇದೇನು ಕ್ರೈಸ್ತರ ಸ್ವಂತ ಆಸ್ತಿಯಲ್ಲ. ‘ಮರಣವೇ ಮಹಾನವಮಿ’ ಎಂಬ ಮಾತು ಕೇಳಿ ಬೆಳೆದ ನಾಡು ನಮ್ಮದು. ಗ್ರೀಸ್ ರೋಮಿನ ತತ್ವಜ್ಞಾನಿಗಳೂ ಬೌದ್ಧ ಭಿಕ್ಷುಗಳೂ ತಮ್ಮ ತಮ್ಮ ರೀತಿಯಲ್ಲಿ ಇದನ್ನು ಅಭ್ಯಾಸ ಮಾಡಿದವರೇ. ಹಾಗಾದರೆ ಕ್ರೈಸ್ತ ನೆನಪಿನಲ್ಲಿ ಬೇರೆ ಏನಿದೆ? ನನಗೆ ಕಂಡಂತೆ, ಅದು ಬದುಕನ್ನು ಒಂದು ದಿನದ ಅಳತೆಗೆ ತಂದು ಕೊಡುತ್ತದೆ. ಬೈಬಲಿನಲ್ಲಿ ಈ ಅಳತೆಗೆ ಒಂದು ಗಡಿಯೂ ಇದೆ: ಸೂರ್ಯಾಸ್ತ.

ಮೊದಲು ಬೈಬಲಿನ ಕೀರ್ತನೆ 90. ಮೋಶೆಯ ಹೆಸರಿನಲ್ಲಿರುವ ಪ್ರಾರ್ಥನೆ ಇದು. ನಮ್ಮ ಆಯುಷ್ಯ 70 ವರ್ಷ, ಬಲವಿದ್ದರೆ 80 ಎಂದು ಅಲ್ಲಿ ಲೆಕ್ಕವೇ ಕೊಟ್ಟಿದೆ. 70 ವರ್ಷವೆಂದರೆ ಹತ್ತಿರ ಹತ್ತಿರ 25,550 ದಿನ. ‘ನಮ್ಮ ದಿನಗಳನ್ನು ಎಣಿಸಲು ಕಲಿಸು’ ಎಂದು ಹನ್ನೆರಡನೇ ವಚನ ಬೇಡುತ್ತದೆ. ಎಣಿಸುವುದನ್ನೂ ದೇವರು ಕಲಿಸಬೇಕೇ ಎಂದು ನಾನು ಬಹಳ ಕಾಲ ಅಂದುಕೊಂಡಿದ್ದೆ. ನಾವು ಎಣಿಸುವುದರಲ್ಲಿ ಹಿಂದೆ ಬಿದ್ದವರೇನಲ್ಲ. ಗೃಹಸಾಲ 20 ವರ್ಷಕ್ಕೆ 240 ಕಂತು, ಅದರಲ್ಲಿ ಎಷ್ಟು ಕಟ್ಟಾಯಿತು ಎಂದು ನಿದ್ದೆಯಲ್ಲಿ ಕೇಳಿದರೂ ಹೇಳುತ್ತೇವೆ. ಆದರೆ ಕಂತು ತೀರುವ ದಿನದವರೆಗೂ ನಾವು ಇದ್ದೇ ಇರುತ್ತೇವೆ ಎಂಬ ಧೈರ್ಯದ ಮೇಲೆ ನಿಂತ ಎಣಿಕೆ ಅದು. ಕೀರ್ತನೆ ಕಲಿಸು ಎಂದು ಬೇಡುವುದು ಇದರ ತಿರುವುಮುರುವು: ಮುಂದಿನದು ಖಾತ್ರಿಯಿಲ್ಲ, ಕೈಯಲ್ಲಿ ಇರುವುದು ಇದೊಂದು ದಿನ ಎಂಬ ಎಣಿಕೆ. ಅದು ಯಾರಿಗೂ ತಾನಾಗಿ ಬರುವುದಿಲ್ಲ. ಇನ್ನೊಂದು ವಿಷಯ ಬಹಳ ಜನರ ಗಮನಕ್ಕೆ ಬರುವುದಿಲ್ಲ. ಇಷ್ಟೆಲ್ಲ ಅನಿತ್ಯದ ಮಾತಾಡಿದ ಕೀರ್ತನೆ ಮುಗಿಯುವುದು ‘ನಮ್ಮ ಕೈಕೆಲಸವನ್ನು ಸ್ಥಿರಪಡಿಸು’ ಎಂಬ ಬೇಡಿಕೆಯಲ್ಲಿ. ಎಲ್ಲ ಮಾಯೆ, ಕೆಲಸ ಬಿಟ್ಟು ಕೂರು ಎಂದಲ್ಲ.

ಎರಡನೆಯದು ಬೈಬಲಿನಲ್ಲೇ ಇರುವ ಯಾಕೋಬನ ಪತ್ರ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು. ‘ಇವತ್ತೋ ನಾಳೆಯೋ ಇಂಥ ಪಟ್ಟಣಕ್ಕೆ ಹೋಗೋಣ, ಒಂದು ವರ್ಷ ಇದ್ದು ವ್ಯಾಪಾರ ಮಾಡಿ ಲಾಭ ಮಾಡಿಕೊಳ್ಳೋಣ’ ಎನ್ನುವವರನ್ನು ಅವನು ನಾಲ್ಕನೇ ಅಧ್ಯಾಯದಲ್ಲಿ ತರಾಟೆಗೆ ತೆಗೆದುಕೊಳ್ಳುತ್ತಾನೆ. ಎಚ್‌ಎಸ್‌ಆರ್ ಲೇಔಟಿನ ಕಾಫಿ ಅಂಗಡಿಯಲ್ಲಿ ಯಾವ ಮೇಜಿಗೆ ಕಿವಿಗೊಟ್ಟರೂ ಇದೇ ಮಾತು ಕೇಳುತ್ತದೆ. ನಾಳೆ ಏನಾಗುತ್ತದೋ ನಿಮಗೆ ಗೊತ್ತಿಲ್ಲ, ನೀವು ಸ್ವಲ್ಪ ಹೊತ್ತು ಕಾಣಿಸಿ ಆಮೇಲೆ ಕಾಣದೆ ಹೋಗುವ ಹಬೆ ಎನ್ನುತ್ತಾನೆ ಯಾಕೋಬ. ದರ್ಶಿನಿಯಲ್ಲಿ ಇಡ್ಲಿ ಪಾತ್ರೆಯ ಮುಚ್ಚಳ ತೆಗೆದಾಗ ಏಳುವ ಹಬೆಯಷ್ಟು. ಆದ್ದರಿಂದ ‘ಕರ್ತನ ಚಿತ್ತವಿದ್ದರೆ’ ಎಂದು ಹೇಳಿರಿ ಎನ್ನುತ್ತಾನೆ.

ನಮ್ಮಲ್ಲಿ ಹೆಚ್ಚಿನವರು ಇಲ್ಲಿಗೇ ಪುಸ್ತಕ ಮುಚ್ಚುತ್ತಾರೆ. ಹಾಗಾಗಿ ‘ದೇವರ ಚಿತ್ತವಿದ್ದರೆ’ ಎಂಬುದು ಮಾತಿನ ಕೊನೆಗೆ ಉದುರಿಸುವ ಕೊತ್ತಂಬರಿ ಸೊಪ್ಪಾಗಿದೆ. ಶನಿವಾರ ಬರ್ತೀರಾ ಎಂದರೆ ದೇವರ ಚಿತ್ತವಿದ್ದರೆ. ಬರುವ ಮನಸ್ಸಿಲ್ಲ ಎಂದು ಅದರ ಅರ್ಥ. ಆದರೆ ಯಾಕೋಬ ಅಲ್ಲಿ ನಿಲ್ಲುವುದಿಲ್ಲ. ಒಳ್ಳೆಯದು ಯಾವುದೆಂದು ಗೊತ್ತಿದ್ದೂ ಮಾಡದಿರುವುದು ಪಾಪ ಎಂದು ಅದೇ ಅಧ್ಯಾಯ ಮುಗಿಯುತ್ತದೆ. ಮುಂದಿನ ಅಧ್ಯಾಯದ ನಾಲ್ಕನೇ ವಚನಕ್ಕೆ ಬರುವಷ್ಟರಲ್ಲಿ ಅವನು ಕೂಲಿಯ ಮಾತಿಗೆ ಇಳಿದಿರುತ್ತಾನೆ: ನಿಮ್ಮ ಹೊಲ ಕೊಯ್ದವರಿಗೆ ಕೊಡದೆ ಹಿಡಿದಿಟ್ಟ ಕೂಲಿ ಕೂಗುತ್ತಿದೆ, ಆ ಕೂಗು ದೇವರ ಕಿವಿಗೆ ಬಿದ್ದಿದೆ. ಬೈಬಲಿಗೆ ಈಗಿರುವ ಅಧ್ಯಾಯಗಳ ವಿಂಗಡಣೆ ಬಂದದ್ದು 13ನೇ ಶತಮಾನದಲ್ಲಿ. ಯಾಕೋಬ ಬರೆದಾಗ ನಡುವೆ ಗೆರೆ ಇರಲಿಲ್ಲ. ಹಬೆಯ ಮಾತೂ ಕೂಲಿಯ ಮಾತೂ ಒಂದೇ ಉಸಿರಿನವು. ನಾಳೆ ನನ್ನದು ಎಂದುಕೊಂಡವನೇ ‘ಕೂಲಿ ನಾಳೆ ತಗೋ’ ಎನ್ನಬಲ್ಲ.

ಇದರ ಬೇರು ಇನ್ನೂ ಹಿಂದೆ, ಬೈಬಲಿನ ಹಳೆಯ ಒಡಂಬಡಿಕೆಯ ಧರ್ಮೋಪದೇಶಕಾಂಡದ 24ನೇ ಅಧ್ಯಾಯದಲ್ಲಿದೆ. ಬಡ ಕೂಲಿಯಾಳು ನಿನ್ನ ಜನದವನಾಗಲಿ ಹೊರಗಿನಿಂದ ಬಂದವನಾಗಲಿ, ಅವನ ಕೂಲಿಯನ್ನು ಅದೇ ದಿನ, ಸೂರ್ಯ ಮುಳುಗುವುದಕ್ಕೆ ಮುಂಚೆ ಕೊಡು. ಅವನ ಜೀವ ಅದರ ಮೇಲೇ ಇದೆ. ಈ ಊರಿನ ಕಟ್ಟಡಗಳನ್ನು ಕಟ್ಟುತ್ತಿರುವವರಲ್ಲಿ ರಾಯಚೂರಿನವರೂ ಇದ್ದಾರೆ, ಬಿಹಾರದವರೂ ಇದ್ದಾರೆ. ಮೇಸ್ತ್ರಿ ‘ಬಿಲ್ ಪಾಸಾಗಲಿ’ ಎಂದು ಎರಡು ವಾರ ತಳ್ಳಿದರೆ ಶೆಡ್ಡಿನಲ್ಲಿ ಒಲೆ ಉರಿಯುವುದಿಲ್ಲ. ಸಾವಿನ ಧ್ಯಾನ ಎಂದಾಕ್ಷಣ ಮೊಂಬತ್ತಿ, ಕತ್ತಲೆ, ತಲೆಬುರುಡೆ ಕಣ್ಣಮುಂದೆ ಬರುತ್ತವೆ. ಬೈಬಲಿನಲ್ಲಿ ಅದು ಮೊದಲು ಕೈಹಾಕುವುದು ಜೇಬಿಗೆ.

ಇದೇ ಗಡಿಯನ್ನು ಆದಿ ಕ್ರೈಸ್ತ ಬೋಧಕ ಪೌಲ ಸಿಟ್ಟಿಗೂ ಹಾಕುತ್ತಾನೆ. ಸೂರ್ಯ ಮುಳುಗುವ ತನಕ ಸಿಟ್ಟು ಇಟ್ಟುಕೊಳ್ಳಬೇಡಿ ಎಂದು ಎಫೆಸದವರಿಗೆ ಬರೆದ ಪತ್ರದಲ್ಲಿದೆ. ಬೆಂಗಳೂರಿನಲ್ಲಿ ಸೂರ್ಯ ಮುಳುಗುವ ಆರೂವರೆಯ ಆಸುಪಾಸಿಗೆ ಅರ್ಧ ಊರು ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಇರುತ್ತದೆ, ಸಿಟ್ಟು ಹುಟ್ಟುವುದೇ ಆಗ, ಅದು ಬೇರೆ ಮಾತು. ಪರಲೋಕ ಪ್ರಾರ್ಥನೆಯಲ್ಲಿ ಯೇಸು ಕೇಳಲು ಕಲಿಸಿದ್ದು ಅನುದಿನದ ಆಹಾರವನ್ನು, ತಿಂಗಳ ರೇಷನ್ನನ್ನಲ್ಲ. ಅರಣ್ಯದಲ್ಲಿ ಇಸ್ರಾಯೇಲ್ಯರಿಗೆ ಆಕಾಶದಿಂದ ಸುರಿದ ಮನ್ನ ಎಂಬ ಆಹಾರವನ್ನು ಮರುದಿನಕ್ಕೆ ಉಳಿಸಿಕೊಂಡರೆ ಹುಳ ಬೀಳುತ್ತಿತ್ತು. ಕೂಲಿ, ಸಿಟ್ಟು, ಅನ್ನ ಮೂರಕ್ಕೂ ಒಂದೇ ಅಳತೆ.

ಲೂಕನ ಸುವಾರ್ತೆಯ 12ನೇ ಅಧ್ಯಾಯದಲ್ಲಿ ಯೇಸು ಹೇಳಿದ ಐಶ್ವರ್ಯವಂತನ ನೀತಿಕತೆ ಎಲ್ಲರಿಗೂ ಗೊತ್ತು. ಬೆಳೆ ಹೆಚ್ಚಾಗಿ, ಕಣಜ ಕೆಡವಿ ದೊಡ್ಡದು ಕಟ್ಟಿಸುತ್ತೇನೆ ಎಂದವನಿಗೆ ಅದೇ ರಾತ್ರಿ ಕರೆ ಬಂತು. ಆದರೆ ಯೇಸು ಈ ಕತೆ ಹೇಳಿದ ಸಂದರ್ಭ ನೋಡಿ. ಗುಂಪಿನಲ್ಲಿದ್ದ ಒಬ್ಬ ‘ಬೋಧಕನೇ, ಆಸ್ತಿ ಪಾಲು ಮಾಡಿಕೊಡು ಅಂತ ನನ್ನ ಅಣ್ಣನಿಗೆ ಹೇಳು’ ಎಂದು ಕೇಳಿದ್ದ. ಸಾವಿನ ಕತೆ ಹುಟ್ಟಿದ್ದೇ ಪಾಲುಪಟ್ಟಿಯ ಜಗಳದಿಂದ. ಸಿಟಿ ಸಿವಿಲ್ ಕೋರ್ಟಿನ ಮೆಟ್ಟಿಲ ಮೇಲೆ ಒಂದು ಮಧ್ಯಾಹ್ನ ಕೂತು ಬಂದರೆ ಈ ಅಧ್ಯಾಯಕ್ಕೆ ಬೇರೆ ವ್ಯಾಖ್ಯಾನ ಬೇಡ.

ಈಗ ಕಷ್ಟದ ಭಾಗ. ಸಾವಿಗೆ ಹೆದರಬಾರದು, ಅದು ಬಾಗಿಲು ಅಷ್ಟೇ ಎಂದು ಸಮಾಧಾನ ಹೇಳುವ ಕ್ರೈಸ್ತರು ಬೇಕಾದಷ್ಟು ಇದ್ದಾರೆ. ಬೈಬಲ್ ಅಷ್ಟು ಸಲೀಸಾಗಿ ಹೇಳುವುದಿಲ್ಲ. ಪೌಲ ಸಾವನ್ನು ಕರೆಯುವುದು ‘ಕಡೇ ಶತ್ರು’ ಎಂದು. ಗೆಳೆಯ ಲಾಜರನ ಸಮಾಧಿಯ ಹತ್ತಿರ ಯೇಸು ಅತ್ತ, ಇನ್ನೇನು ಅವನನ್ನು ಎಬ್ಬಿಸಲಿದ್ದೇನೆ ಎಂದು ಗೊತ್ತಿದ್ದೂ ಅತ್ತ. ಗೆತ್ಸೇಮನೆ ತೋಟದಲ್ಲಿ ತನ್ನ ಸಾವು ಎದುರು ಬಂದಾಗ ನಡುಗಿದ. ವಿಷದ ಬಟ್ಟಲನ್ನು ಶಾಂತವಾಗಿ ಎತ್ತಿ ಕುಡಿದ ಸಾಕ್ರೆಟೀಸನ ಪಕ್ಕ ಇದನ್ನಿಟ್ಟು ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ಥೆಸಲೊನೀಕದವರಿಗೆ ಪೌಲ ಬರೆದದ್ದೂ ಅಳಬೇಡಿ ಎಂದಲ್ಲ, ನಿರೀಕ್ಷೆಯಿಲ್ಲದವರ ಹಾಗೆ ಅಳಬೇಡಿ ಎಂದು.

ನಿರೀಕ್ಷೆ ಯಾವುದರದು? ಆತ್ಮ ಹಾರಿಹೋಗಿ ಹಾಯಾಗಿರುತ್ತದೆ ಎಂಬಷ್ಟೇ ಅಲ್ಲ. ಪ್ರತಿ ಭಾನುವಾರ ನಾವು ವಿಶ್ವಾಸ ಪ್ರಮಾಣದಲ್ಲಿ ಹೇಳುವುದು ದೇಹದ ಪುನರುತ್ಥಾನವನ್ನು ನಂಬುತ್ತೇನೆ ಎಂದು. ಇಲ್ಲಿ ಕನ್ನಡ ನಮಗೊಂದು ಉಪಕಾರ ಮಾಡಿದೆ. ಶವಸಂಸ್ಕಾರಕ್ಕೆ ಹೋಗಿ ಬಂದವರು ‘ಮಣ್ಣಿಗೆ ಹೋಗಿದ್ದೆ’ ಎನ್ನುತ್ತಾರೆ. ಹೂಳುವುದಕ್ಕೆ ‘ಮಣ್ಣು ಮಾಡುವುದು’ ಎನ್ನುತ್ತೇವೆ. ಹೀಬ್ರೂವಿನಲ್ಲಿ ‘ಆದಾಮ’ ಎಂಬ ಹೆಸರು ‘ಅದಾಮಾ’ ಎಂಬ ಪದದ ಪಕ್ಕದಲ್ಲೇ ಬರುತ್ತದೆ, ಅದರ ಅರ್ಥ ಮಣ್ಣು. ನಿನ್ನನ್ನು ತೆಗೆದ ಮಣ್ಣಿಗೇ ಸೇರುವೆ ಎಂದು ಆದಿಕಾಂಡದ ಮೂರನೇ ಅಧ್ಯಾಯ ಹೇಳುವಾಗ ಹೀಬ್ರೂ ಕಿವಿಗೆ ಅದು ಅವನ ಹೆಸರನ್ನೇ ಕರೆದಂತೆ ಕೇಳುತ್ತದೆ. ಆದರೆ ರೈತನಿಗೆ ಗೊತ್ತು, ಮಣ್ಣಿಗೆ ಹಾಕಿದ್ದೆಲ್ಲ ಕಳೆದುಹೋಗುವುದಿಲ್ಲ. ಕೊರಿಂಥದವರಿಗೆ ಬರೆಯುವಾಗ ಪೌಲ ಹೆಣದ ವಿಷಯಕ್ಕೆ ಬಳಸಿದ್ದು ಬಿತ್ತನೆಯ ಮಾತನ್ನೇ. ಸ್ಮಶಾನಕ್ಕೆ ಇಂಗ್ಲಿಷರು ಬಳಸುವ ‘ಸೆಮೆಟ್ರಿ’ ಗ್ರೀಕ್ ಮೂಲದ ಪದ, ‘ಮಲಗುವ ಜಾಗ’ ಎಂದು ಅದರ ಅರ್ಥ. ಹೊಸೂರು ರಸ್ತೆಯ ಕ್ರೈಸ್ತ ಸ್ಮಶಾನದಲ್ಲಿ ಹೊಸ ಜಾಗ ಸಿಗುವುದು ಎಷ್ಟು ಕಷ್ಟ ಎಂದು ಬೆಂಗಳೂರಿನ ಕ್ರೈಸ್ತರಿಗೆ ಹೇಳಬೇಕಿಲ್ಲ. ಅಜ್ಜನ ಗುಂಡಿಯನ್ನೇ ತೆರೆದು ಮೊಮ್ಮಗನನ್ನು ಇಳಿಸುತ್ತಾರೆ. ಬಾಡಿಗೆ ಮನೆಯಲ್ಲಿ ಒಂದೇ ಕೋಣೆಯಲ್ಲಿ ಮಲಗಿ ಬೆಳೆದವರಿಗೆ ಅದೇನೂ ಹೊಸದಲ್ಲ.

ನನ್ನ ಹೆಂಡತಿಯ ತವರು ಕಥೋಲಿಕರದು. ಈಸ್ಟರಿಗೆ ಮುಂಚಿನ ಉಪವಾಸಕಾಲ ಶುರುವಾಗುವ ಬೂದಿ ಬುಧವಾರ ಅವಳು ಬೆಳಗಿನ ಪೂಜೆ ಮುಗಿಸಿ, ಹಣೆಯ ಮೇಲೆ ಬೂದಿಯ ಶಿಲುಬೆ ಹೊತ್ತು ಮೆಟ್ರೊ ಹತ್ತುತ್ತಾಳೆ. ಯೇಸುವನ್ನು ಜನ ಗರಿ ಹಿಡಿದು ಜಯಘೋಷದಿಂದ ಸ್ವಾಗತಿಸಿದ್ದನ್ನು ನೆನೆಯುವ ಗರಿಗಳ ಭಾನುವಾರ, ಹಿಂದಿನ ವರ್ಷ ಹಿಡಿದ ಗರಿಗಳನ್ನೇ ಸುಟ್ಟು ಮಾಡಿದ ಬೂದಿ ಅದು. ಜಯಘೋಷ ಒಂದೇ ವರ್ಷದಲ್ಲಿ ಬೂದಿ. ಬೇರೆ ದೇಶಗಳಲ್ಲಿ ಜನ ತಿರುಗಿ ನೋಡುತ್ತಾರಂತೆ. ನಮ್ಮಲ್ಲಿ ಹಣೆಯ ವಿಭೂತಿ ಯಾರಿಗೂ ವಿಚಿತ್ರವಲ್ಲ. ಕೇರಳ ಮೂಲದ ಸಿರೊ ಮಲಬಾರ್ ಪಂಗಡದ ನೆರೆಯವರಿಗೆ ಇದು ಎರಡು ದಿನ ಮೊದಲೇ, ಸೋಮವಾರ. ರಾತ್ರಿ ಅವಳು ಜಪಸರ ಹಿಡಿದರೆ ‘ಈಗಲೂ ನಮ್ಮ ಮರಣದ ಸಮಯದಲ್ಲೂ’ ನಮಗಾಗಿ ಪ್ರಾರ್ಥಿಸು ಎಂದು ಮರಿಯಳನ್ನು ಬೇಡುವ ಮಾತು, ಹತ್ತು ಹತ್ತು ಮಣಿಗಳ ಐದು ದಶಕ ಸೇರಿದ ಒಂದು ಸುತ್ತಿನಲ್ಲಿ 53 ಸಲ ಬರುತ್ತದೆ. ಅಮ್ಮ ಆ ಹೊತ್ತಿಗೆ ಟಿವಿ ಹಾಕಿಕೊಳ್ಳುವುದು ನಮ್ಮ ಮನೆಯ ಸಭಾಭೇದ, ಎಂದರೆ ಕ್ರೈಸ್ತ ಪಂಗಡಗಳ ವ್ಯತ್ಯಾಸ.

ಈ ನೆನಪಿನಿಂದ ಬದುಕಿನಲ್ಲಿ ನಿಜಕ್ಕೂ ಏನಾದರೂ ಬದಲಾಗಿದೆಯೇ? ಮೂರನೇ ಶತಮಾನದ ನಡುವೆ ರೋಮ್ ಸಾಮ್ರಾಜ್ಯದಲ್ಲಿ ಭೀಕರ ಸಾಂಕ್ರಾಮಿಕ ಹಬ್ಬಿತು. ಕಾರ್ತೇಜಿನ ಬಿಷಪ್ ಸಿಪ್ರಿಯನ್ ಆಗ ತನ್ನ ಸಭೆಗೆ ಸಾವಿನ ಬಗ್ಗೆಯೇ ಒಂದು ಲೇಖನ ಬರೆದ. ಅಲೆಕ್ಸಾಂಡ್ರಿಯದ ಬಿಷಪ್ ದಿಯೊನೀಸಿಯನ ಪತ್ರವೊಂದು ಉಳಿದುಬಂದಿದೆ. ತಮ್ಮ ಜೀವದ ಹಂಗಿಲ್ಲದೆ ರೋಗಿಗಳ ಆರೈಕೆ ಮಾಡಿ, ಅವರ ಜೊತೆಗೇ ಸತ್ತ ವಿಶ್ವಾಸಿಗಳನ್ನು ಅವನು ಅದರಲ್ಲಿ ನೆನೆಯುತ್ತಾನೆ. ಹಾಗೆಂದು ಇದು ಹುಚ್ಚು ಧೈರ್ಯದ ಪಾಠವಲ್ಲ. 1527ರಲ್ಲಿ ವಿಟೆನ್‌ಬರ್ಗಿಗೆ ಪ್ಲೇಗ್ ಬಂದಾಗ ಓಡಿಹೋಗಬಹುದೇ ಎಂಬ ಪ್ರಶ್ನೆಗೆ ಜರ್ಮನಿಯ ಧರ್ಮಸುಧಾರಕ ಮಾರ್ಟಿನ್ ಲೂಥರ್ ಕೊಟ್ಟ ಉತ್ತರ ತೂಕದ್ದು: ಚರ್ಚಿನ ಪಾದ್ರಿ, ಅಧಿಕಾರಿ ಇಂಥವರು ಜಾಗ ಬಿಡುವಂತಿಲ್ಲ, ಉಳಿದವರು, ನೆರೆಯವನನ್ನು ನೋಡಿಕೊಳ್ಳುವವರು ಇದ್ದರೆ, ಹೋಗಬಹುದು. ಔಷಧ ತಗೊಳ್ಳಿ, ಅಗತ್ಯವಿಲ್ಲದ ಕಡೆ ಹೋಗಬೇಡಿ ಎಂದೂ ಬರೆದ. ಲೂಥರ್ ತಾನು ಊರಲ್ಲೇ ಉಳಿದ. 1898ರಲ್ಲಿ ನಮ್ಮ ಬೆಂಗಳೂರಿಗೂ ಪ್ಲೇಗ್ ಬಂತು. ಜನ ಪೇಟೆಯ ಇಕ್ಕಟ್ಟು ಬಿಟ್ಟು ಬಸವನಗುಡಿ, ಮಲ್ಲೇಶ್ವರದ ಹೊಸ ಬಡಾವಣೆಗಳತ್ತ ಸರಿದರು. ಸರಿದದ್ದು ತಪ್ಪಲ್ಲ, ಹಿಂದೆ ಉಳಿದವರಿಗೆ ನೀರು ಕೊಡುವವರು ಯಾರು ಎಂಬುದಷ್ಟೇ ಲೂಥರನ ಪ್ರಶ್ನೆ. ನಮ್ಮ ಕಾಲದಲ್ಲಿ, 1967ರಲ್ಲಿ, ಸಿಸಿಲಿ ಸಾಂಡರ್ಸ್ ಎಂಬ ಆಂಗ್ಲಿಕನ್ ವೈದ್ಯೆ ಲಂಡನ್ನಿನಲ್ಲಿ ತೆರೆದ ಹಾಸ್ಪಿಸ್‌ನಿಂದ ಹೊಸ ಚಳವಳಿಯೇ ಶುರುವಾಯಿತು: ಗುಣವಾಗದವರನ್ನೂ ನೋವಿಲ್ಲದೆ, ಒಂಟಿಯಾಗದೆ ಕಳಿಸಿಕೊಡುವುದು. ಕ್ಯಾನ್ಸರಿನ ಕೊನೆಯ ಹಂತದವರನ್ನು ಹಣ ಕೇಳದೆ ನೋಡಿಕೊಳ್ಳುವ ಬೆಂಗಳೂರಿನ ಕರುಣಾಶ್ರಯ ಯಾವ ಸಭೆಗೂ ಸೇರಿದ್ದಲ್ಲ, ಆದರೆ ಅದೇ ಹಾದಿಯದು.

ಲೂಥರನ ಇನ್ನೊಂದು ಬರಹ ನನಗೆ ಇನ್ನೂ ಇಷ್ಟ. 1519ರಲ್ಲಿ, ಸಾಯಲು ಸಿದ್ಧವಾಗುವುದು ಹೇಗೆ ಎಂಬ ಬಗ್ಗೆ ಅವನೊಂದು ಉಪದೇಶ ಬರೆದ. ಸ್ವರ್ಗದಿಂದ ಶುರು ಮಾಡುತ್ತಾನೆ ಅಂದುಕೊಂಡರೆ ಇಲ್ಲ. ಮೊದಲು ಆಸ್ತಿಯ ವ್ಯವಸ್ಥೆ ಮಾಡು, ನೀನು ಹೋದ ಮೇಲೆ ನೆಂಟರು ಕಿತ್ತಾಡದಿರಲಿ ಎನ್ನುತ್ತಾನೆ. ಎರಡನೆಯದು, ಕ್ಷಮೆ ಕೊಡು, ಕ್ಷಮೆ ಕೇಳು. ಆಮೇಲೆ ದೇವರ ಕಡೆ ಮುಖ ತಿರುಗಿಸು. ಮಗು ಇಕ್ಕಟ್ಟಾದ ಗರ್ಭದಿಂದ ವಿಶಾಲವಾದ ಲೋಕಕ್ಕೆ ಬರುವ ಹಾಗೆ ಎಂದು ಸಾವನ್ನು ಹೋಲಿಸುತ್ತಾನೆ. ಸಾವನ್ನು ಅದು ದೂರ ಇರುವಾಗಲೇ ಹತ್ತಿರ ಕರೆದು ಮಾತಾಡಿಸು, ಸಾಯುವ ಹೊತ್ತಿನಲ್ಲಲ್ಲ ಎಂಬ ಅವನ ಬುದ್ಧಿಮಾತು ಮಂಚ ಹಿಡಿದವರ ಪಕ್ಕ ಕೂತವರಿಗೆ ಅರ್ಥವಾಗುತ್ತದೆ. ಕೊನೆಯ ಗಳಿಗೆಗೆ ತತ್ವಜ್ಞಾನ ಬೇಡ, ಒದ್ದೆ ಹತ್ತಿ ತುಟಿಗೆ ಒತ್ತುವವರು ಬೇಕು.

ಮೊದಲ ಹೆಜ್ಜೆ ಆಸ್ತಿಯದಾದ್ದರಿಂದ ನಮ್ಮ ಕಾನೂನಿನ ಒಂದೆರಡು ಮಾತು. ಭಾರತದ ಕ್ರೈಸ್ತರಿಗೆ ಅನ್ವಯವಾಗುವುದು 1925ರ ಭಾರತೀಯ ಉತ್ತರಾಧಿಕಾರ ಅಧಿನಿಯಮ. ಉಯಿಲು ಬರೆಯದೆ ಗಂಡ ತೀರಿಕೊಂಡರೆ ಹೆಂಡತಿಗೆ ಮೂರನೇ ಒಂದು ಪಾಲು, ಉಳಿದದ್ದು ಮಕ್ಕಳಿಗೆ. ಮಗ ಮಗಳು ಎಂಬ ಭೇದವಿಲ್ಲ, ಸಮ ಪಾಲು. ಉಯಿಲಿಗೆ ಇಬ್ಬರು ಸಾಕ್ಷಿಗಳು ಸಹಿ ಹಾಕಬೇಕು, ನೋಂದಣಿ ಕಡ್ಡಾಯವಲ್ಲ. ಸಾಕ್ಷಿ ಹಾಕಿದವರಿಗೇ ಏನಾದರೂ ಬರೆದಿದ್ದರೆ ಅದು ನಿಲ್ಲುವುದಿಲ್ಲ. ಉಯಿಲು ಬರೆದ ಮೇಲೆ ಮದುವೆಯಾದರೆ ಹಳೆಯದು ರದ್ದು, ಹೊಸದು ಬರೆಯಬೇಕು.

ಉಯಿಲಿನ ಹಾಗೆ ದೇಹಕ್ಕೂ ಒಂದು ಕಾಗದವಿದೆ. ಮುಂದೆ ಮಾತಾಡಲು ಆಗದ ಸ್ಥಿತಿ ಬಂದರೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂದು ಮೊದಲೇ ಬರೆದಿಡುವ ಹಕ್ಕನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಒಪ್ಪಿತು. 2023ರಲ್ಲಿ ವಿಧಾನವನ್ನು ಸರಳ ಮಾಡಿತು. ಇಬ್ಬರು ಸಾಕ್ಷಿಗಳ ಎದುರು ಸಹಿ ಮಾಡಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದರೆ ಆಯಿತು. ಕರ್ನಾಟಕ ಸರ್ಕಾರ ಇದರ ಜಾರಿಗೆ 2025ರ ಜನವರಿಯಲ್ಲಿ ಆದೇಶ ಹೊರಡಿಸಿದೆ. ಇದು ವಿಶ್ವಾಸಕ್ಕೆ ವಿರುದ್ಧವಲ್ಲವೇ ಎಂದು ಕೇಳುವವರಿದ್ದಾರೆ. ಪೋಪ್ ಹನ್ನೆರಡನೇ ಪಯಸ್ 1957ರಲ್ಲೇ ವೈದ್ಯರಿಗೆ ಹೇಳಿದ್ದರು: ಜೀವ ಉಳಿಸಲು ಸಾಧಾರಣ ಕ್ರಮ ಕರ್ತವ್ಯ, ಹೊರಲಾರದ ಅಸಾಧಾರಣ ಕ್ರಮ ಕಡ್ಡಾಯವಲ್ಲ. ಬೇಕೆಂದು ಪ್ರಾಣ ತೆಗೆಯುವುದು ಬೇರೆ, ತಡೆಯಲಾಗದ ಸಾವಿಗೆ ದಾರಿ ಬಿಡುವುದು ಬೇರೆ. ಕಥೋಲಿಕ ಬೋಧನೆ ಮೊದಲನೆಯದನ್ನು ಇವತ್ತಿಗೂ ಒಪ್ಪುವುದಿಲ್ಲ.

ಜೆಸ್ವಿಟರು ಎಂಬ ಕಥೋಲಿಕ ಸನ್ಯಾಸಿ ಸಂಘದ ಸ್ಥಾಪಕ ಇಗ್ನೇಷಿಯಸ್ ಇನ್ನೊಂದು ಉಪಾಯ ಹೇಳಿಕೊಟ್ಟ: ದೊಡ್ಡ ನಿರ್ಧಾರದ ಮುಂದೆ ನಿಂತಾಗ, ನಾನು ಸಾಯುವ ಗಳಿಗೆಯಲ್ಲಿದ್ದೇನೆ ಎಂದುಕೊಂಡು, ಆಗ ಯಾವ ನಿರ್ಧಾರ ಮಾಡಿದ್ದರೆ ಚೆನ್ನಾಗಿತ್ತು ಅನ್ನಿಸುತ್ತದೋ ಅದನ್ನೇ ಈಗ ಮಾಡು. ಕೆಲಸ ಬಿಡುವುದು, ತಮ್ಮನ ಜೊತೆ ರಾಜಿಯಾಗುವುದು ಇಂಥದ್ದಕ್ಕೆ ಇದು ಒಳ್ಳೆಯ ಅಳತೆಗೋಲು. ಫ್ರಿಜ್ ಕೊಳ್ಳುವುದಕ್ಕೆ ಉಪಯೋಗವಿಲ್ಲ, ನೋಡಿದ್ದೇನೆ.

ಸಾವಿನ ನೆನಪನ್ನು ದುರುಪಯೋಗ ಮಾಡಿದವರೂ ಕಡಿಮೆಯಿಲ್ಲ. ಹೆಣ ಮುಂದಿಟ್ಟುಕೊಂಡು ‘ಇವತ್ತು ರಾತ್ರಿ ನೀನು ಸತ್ತರೆ ಎಲ್ಲಿಗೆ ಹೋಗುತ್ತೀ’ ಎಂದು ಮೈಕಿನಲ್ಲಿ ಕೂಗುವ ಪ್ರಸಂಗಿಗಳನ್ನು ಕೇಳಿದ್ದೇನೆ. ಅಳುತ್ತಿದ್ದ ಮಕ್ಕಳು ಇನ್ನಷ್ಟು ಬೆದರಿದರು, ಅಷ್ಟೇ. ಇಬ್ರಿಯರಿಗೆ ಬರೆದ ಪತ್ರದ ಎರಡನೇ ಅಧ್ಯಾಯದ ಪ್ರಕಾರ ಕ್ರಿಸ್ತ ಬಂದದ್ದು ಜೀವಮಾನವೆಲ್ಲ ಮರಣಭಯದ ದಾಸರಾಗಿದ್ದವರನ್ನು ಬಿಡಿಸಲು. ಆ ಭಯವನ್ನೇ ಮತ್ತೆ ಹೊಲಿದು ತೊಡಿಸುವುದು ಸುವಾರ್ತೆ ಹೇಗಾದೀತು? ಇನ್ನೊಂದು ವಿಷಯ. ಬದುಕೇ ಬೇಡ ಎಂದು ಒಳಗೊಳಗೇ ಅನ್ನಿಸುವುದು ಈ ಧ್ಯಾನವಲ್ಲ, ಅದು ಕಾಯಿಲೆಯ ಲಕ್ಷಣ ಇರಬಹುದು. ಅದಕ್ಕೆ ನಮ್ಮೂರಲ್ಲೇ ನಿಮ್ಹಾನ್ಸ್ ಇದೆ, ಟೆಲಿ ಮಾನಸ್‌ನ 14416 ಸಹಾಯವಾಣಿ ಇದೆ. ಅಂಥವರಿಗೆ ಕೀರ್ತನೆ 90 ಓದಿಸುವ ಮೊದಲು ಆಟೊ ಕರೆಯಿರಿ.

ಇಷ್ಟೆಲ್ಲ ತಿಳಿದವನು ಉಯಿಲು ಬರೆಯಲು ತೆಗೆದುಕೊಂಡದ್ದು ಆರು ವರ್ಷ. ಹೋದ ತಿಂಗಳು ಕೊನೆಗೂ ಕೂತೆ. ಸಾಕ್ಷಿಗೆ ಕೆಳಗಿನ ಮನೆಯ ದಂಪತಿ ಬಂದಿದ್ದರು. ಅಮ್ಮ ಅವರಿಗೆ ಕಾಫಿ ಕೊಡುತ್ತ, ಕಾಗದದ ಕಡೆ ನೋಡದ ಹಾಗೆ ನೋಡಿ, ‘ಬಿಡ್ತು ಅನ್ನು’ ಅಂದಳು. ಅಂದೆ. ಅವರು ಹೋದ ಮೇಲೆ ನನ್ನ ಪಕ್ಕ ಬಂದು ಕೂತಳು.

‘ನನ್ನ ಬಳೆ ಯಾರಿಗೆ ಅಂತ ನಾನೂ ಬರೀಬೋದೇನೋ?’

‘ಬರೀಬೋದಮ್ಮ. ಯಾರಿಗೆ?’

‘ಎರಡು ನಿನ್ನ ಹೆಂಡ್ತಿಗೆ, ಎರಡು ನಿನ್ನ ತಂಗೀಗೆ. ಹೊಲಿಗೆ ಮಿಷನ್ನು ಕೆಲಸದವಳಿಗೆ, ಪಾಪ, ಅವಳ ಮಗಳು ಕಲೀತಿದ್ದಾಳಂತೆ.’ ನಾನು ಬರೆದುಕೊಳ್ಳುತ್ತಿದ್ದೆ. ಅಮ್ಮ ನನ್ನ ಕೈ ತಡೆದಳು. ‘ಮಿಷನ್ನು ಬರೀಬೇಡ. ಅವಳಿನ್ನೂ ಪಾತ್ರೆ ತೊಳೀತಿದ್ದಾಳೆ, ಹೋಗೋದ್ರೊಳಗೆ ಕೆಳಗಿಳಿಸಿ ಆಟೊಗೆ ಹಾಕ್ಸು.’